‘ಜಿಂಕೆ ಮುಟ್ಟದ ಗಿಡಗಳ ಪಟ್ಟಿ’: ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಮೇ ತಿಂಗಳ ನಡುವೆ ಚಳಿ ಬಿಟ್ಟ ಮೇಲೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ಹಿತ್ತಲುಗಳಲ್ಲಿ ಕೈತೋಟದ ಕೆಲಸ ಶುರುವಾಗುತ್ತದೆ. ಮಗಳ ಮನೆಗೋ ಮಗನ ಮನೆಗೋ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮ ಅವರೆ, ಅಲಸಂದೆ, ಮೆಂತ್ಯ, ಕೊತ್ತಂಬರಿ ಹಾಕುತ್ತಾರೆ. ಗಿಡ ಗೇಣುದ್ದ ಬರುತ್ತದೆ. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಎಲೆಯೇ ಇಲ್ಲ, ಬರೀ ಕಡ್ಡಿಗಳು ನಿಂತಿರುತ್ತವೆ. ರಾತ್ರಿ ಜಿಂಕೆ ಬಂದು ಹೋಗಿದೆ.

ಆಮೇಲೆ ಶುರುವಾಗುವುದು ವಾಟ್ಸಾಪ್ ಸಲಹೆಗಳು. ‘ಜಿಂಕೆ ಮುಟ್ಟದ 10 ಗಿಡಗಳು’, ‘ಇದನ್ನು ಬೇಲಿಯ ಸುತ್ತ ನೆಟ್ಟರೆ ಜಿಂಕೆ ಹತ್ತಿರವೂ ಸುಳಿಯುವುದಿಲ್ಲ’, ‘ಜಿಂಕೆ ತಿನ್ನದಿರುವುದರಿಂದ ಇದು ಪೂರ್ತಿ ನೈಸರ್ಗಿಕ ಪರಿಹಾರ’ ಎಂಬ ಸಂದೇಶಗಳು ಗುಂಪಿನಿಂದ ಗುಂಪಿಗೆ ಓಡುತ್ತವೆ. ಇವುಗಳಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಹೇಳದೆ ಬಿಟ್ಟಿರುವುದರಿಂದ ಮಕ್ಕಳಿಗೂ ಸಾಕುನಾಯಿಗೂ ಅಪಾಯವಾಗಬಹುದು.

ಚಿಕ್ಕದಾಗಿ ಹೇಳುವುದಾದರೆ: ಜಿಂಕೆ ಎಂದೂ ತಿನ್ನದ ಗಿಡ ಎಂಬುದಿಲ್ಲ; ಜಿಂಕೆ ಕಡಿಮೆ ಇಷ್ಟಪಡುವ ಗಿಡಗಳಿವೆ. ಅವುಗಳಲ್ಲಿ ಹಲವನ್ನು ಜಿಂಕೆ ಬಿಡುವುದು ಅವು ವಿಷ ಎಂಬ ಕಾರಣಕ್ಕೆ.

ತಿಂದದ್ದು ಜಿಂಕೆಯೇನಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ, ಅಲ್ಲಿರುವುದು ಗಟ್ಟಿ ವಸಡು. ಅದು ಎಲೆಯನ್ನು ಕತ್ತರಿಸುವುದಿಲ್ಲ, ಹಿಡಿದು ಎಳೆಯುತ್ತದೆ. ಹಾಗಾಗಿ ಉಳಿದ ಕಡ್ಡಿಯ ತುದಿ ಹರಿದಂತೆ, ನಾರು ನಾರಾಗಿ ಕಾಣುತ್ತದೆ. ಮೊಲ ಕಡಿದಿದ್ದರೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಷ್ಟು ಸಾಫಾಗಿರುತ್ತದೆ. ಎತ್ತರವೂ ಸುಳಿವು ಕೊಡುತ್ತದೆ: ಮೊಲ ನೆಲದ ಹತ್ತಿರ ಮೇಯುತ್ತದೆ, ಜಿಂಕೆಯ ಬಾಯಿ ಸುಮಾರು ಆರು ಅಡಿವರೆಗೂ ಎಟಕುತ್ತದೆ. ಎಲೆಯಲ್ಲಿ ತೂತುಗಳಷ್ಟೇ ಇದ್ದರೆ ಜಿಂಕೆಯನ್ನು ಬೈಯಬೇಡಿ, ಅದು ಹುಳದ ಕೆಲಸ.

ಅಲ್ಲಿಯ ಹಿತ್ತಲುಗಳಿಗೆ ಬರುವುದು ಬಿಳಿಬಾಲದ ಜಿಂಕೆ. ಬೆದರಿದಾಗ ಬಾಲ ಎತ್ತಿ ಅಡಿಯ ಬಿಳಿ ಬಣ್ಣ ತೋರಿಸಿ ಓಡುತ್ತದೆ, ಅದಕ್ಕೇ ಆ ಹೆಸರು. ಮಿತಿಮೀರಿದ ಬೇಟೆಯಿಂದ 1900ರ ಹೊತ್ತಿಗೆ ಅಮೆರಿಕದಲ್ಲಿ ಇವುಗಳ ಸಂಖ್ಯೆ ಸುಮಾರು 5 ಲಕ್ಷಕ್ಕೋ ಅದಕ್ಕೂ ಕೆಳಕ್ಕೋ ಇಳಿದಿತ್ತೆಂದು ಅಂದಾಜು. ಬೇಟೆಗೆ ಕಾನೂನಿನ ಕಡಿವಾಣ ಬಿತ್ತು. ಇವನ್ನು ತಿನ್ನುತ್ತಿದ್ದ ತೋಳ, ಪೂಮಾಗಳು ಪೂರ್ವ ಭಾಗದಿಂದ ಆಗಲೇ ಮರೆಯಾಗಿದ್ದವು. ಕಾಡಿನ ಅಂಚಿನಲ್ಲಿ ಬಡಾವಣೆಗಳು ಎದ್ದವು. ಗೊಬ್ಬರ-ನೀರು ಉಂಡ ಎಳೆ ಎಲೆಗಳು ಸಾಲಾಗಿ ಸಿಕ್ಕವು. ಇಂದು ಅವುಗಳ ಸಂಖ್ಯೆ ಸುಮಾರು 3 ಕೋಟಿ ಎಂಬ ಅಂದಾಜಿದೆ. ಬೆಳೆದ ಒಂದು ಜಿಂಕೆ ದಿನಕ್ಕೆ ಎರಡರಿಂದ ನಾಲ್ಕು ಕೆಜಿಯಷ್ಟು ಸೊಪ್ಪು-ಚಿಗುರು ತಿನ್ನಬಲ್ಲದು. ನಿಮ್ಮ ಕೊತ್ತಂಬರಿ ಮಡಿ ಅದಕ್ಕೆ ಒಂದು ತುತ್ತೂ ಅಲ್ಲ.

ಅಸಲಿ ಪಟ್ಟಿಯಲ್ಲಿ ಏನಿದೆ?

ಫಾರ್ವರ್ಡ್ ಆಗುವ ಪಟ್ಟಿಗಳಿಗೆ ಮೂಲವೇ ಇಲ್ಲವೆಂದಲ್ಲ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರ ಅಲಂಕಾರಿಕ ಗಿಡಗಳ ಒಂದು ದೊಡ್ಡ ಪಟ್ಟಿ ಮಾಡಿದೆ. ಅದರಲ್ಲಿ ‘ತಿನ್ನುತ್ತದೆ’, ‘ತಿನ್ನುವುದಿಲ್ಲ’ ಎಂಬ ಎರಡೇ ಕಂಬಗಳಿಲ್ಲ, ನಾಲ್ಕು ದರ್ಜೆಗಳಿವೆ: ಅಪರೂಪಕ್ಕೆ ಹಾನಿಯಾಗುವವು, ಹೆಚ್ಚು ಹಾನಿಯಾಗುವುದು ವಿರಳವಾದವು, ಒಮ್ಮೊಮ್ಮೆ ತೀವ್ರ ಹಾನಿಯಾಗುವವು, ಪದೇ ಪದೇ ತೀವ್ರ ಹಾನಿಯಾಗುವವು. ಡ್ಯಾಫೋಡಿಲ್, ಲ್ಯಾವೆಂಡರ್, ಫಾಕ್ಸ್‌ಗ್ಲವ್, ಬಾಕ್ಸ್‌ವುಡ್ ಮೊದಲ ದರ್ಜೆಯಲ್ಲಿವೆ. ಟ್ಯುಲಿಪ್ ಮತ್ತು ಹೋಸ್ಟಾ ಕೊನೆಯ ದರ್ಜೆಯಲ್ಲಿವೆ. ಅಗಲ ಎಲೆಯ ಹೋಸ್ಟಾವನ್ನು ಅಲ್ಲಿಯ ತೋಟಗಾರರು ತಮಾಷೆಗೆ ‘ಜಿಂಕೆಯ ಸಲಾಡ್’ ಎನ್ನುವುದುಂಟು.

ಮೊದಲ ದರ್ಜೆಯ ಹೆಸರನ್ನು ಗಮನಿಸಿ: ‘ಅಪರೂಪಕ್ಕೆ’ ಎಂದಿದೆಯೇ ಹೊರತು ‘ಎಂದೂ ಇಲ್ಲ’ ಎಂದಿಲ್ಲ. ಯಾವ ಗಿಡವೂ ಪೂರ್ತಿ ಜಿಂಕೆ-ನಿರೋಧಕವಲ್ಲ ಎಂಬ ಎಚ್ಚರಿಕೆ ಆ ಪಟ್ಟಿಯ ಜೊತೆಗೇ ಇದೆ. ವಾಟ್ಸಾಪಿಗೆ ಬರುವ ಹೊತ್ತಿಗೆ ದರ್ಜೆಗಳು ಉದುರಿ ಹೋಗಿ ಹತ್ತು ಹೆಸರುಗಳು ಮಾತ್ರ ಉಳಿದಿರುತ್ತವೆ.

ಹಸಿವು ಹೆಚ್ಚಾದಂತೆ ಆಯ್ಕೆ ಕಡಿಮೆಯಾಗುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹಿಮದಡಿ ಬೇರೇನೂ ಸಿಗದಾಗ ಜಿಂಕೆ ಬೇಸಿಗೆಯಲ್ಲಿ ಮೂಸಿ ಬಿಟ್ಟದ್ದನ್ನೂ ತಿನ್ನುತ್ತದೆ. ನರ್ಸರಿಯಿಂದ ಆಗಷ್ಟೇ ತಂದ ಗಿಡ ಗೊಬ್ಬರ ಉಂಡು ಮೆತ್ತಗಿರುತ್ತದೆ, ಅದನ್ನು ಒಮ್ಮೆ ಬಾಯಿಗೆ ಹಾಕಿ ನೋಡುತ್ತದೆ. ಮರಿಗಳು ತಾಯಿ ತಿಂದದ್ದನ್ನು ನೋಡಿ ಕಲಿಯುತ್ತವೆ. ಹಾಗಾಗಿ ಪಕ್ಕದ ಬೀದಿಯವರ ಹಿತ್ತಲಲ್ಲಿ ಉಳಿದ ಗಿಡ ನಿಮ್ಮಲ್ಲಿ ಉಳಿಯದೇ ಹೋಗಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜಿಂಕೆ ಯಾಕೆ ಬಿಡುತ್ತದೆ?

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ‘ಆಡುಮುಟ್ಟದ ಗಿಡ’ ಎಂಬ ಹೆಸರಿನ ಔಷಧಿ ಬಳ್ಳಿಯೂ ನಮ್ಮಲ್ಲೇ ಇದೆ. ಮೇಯುವ ಪ್ರಾಣಿ ಏನನ್ನು ಬಿಡುತ್ತದೆ ಎಂಬುದನ್ನು ನಮ್ಮ ಹಿರಿಯರು ನೋಡಿಯೇ ಹೆಸರಿಟ್ಟಿದ್ದರು.

ಜಿಂಕೆಯೂ ಆಡಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಎಲೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ಅದಕ್ಕೆ ಅಷ್ಟಾಗಿ ತಡೆಯಲ್ಲ. ಅದರ ಜೊಲ್ಲಿನಲ್ಲಿರುವ ಒಂದು ಬಗೆಯ ಪ್ರೋಟೀನುಗಳು ಟ್ಯಾನಿನ್ನನ್ನು ಹಿಡಿದುಕೊಂಡು ಅದರ ಕಾಟವನ್ನು ತಗ್ಗಿಸುತ್ತವೆ. ಮುಳ್ಳಿಗೂ ಅದು ಹೆದರುವುದಿಲ್ಲ. ಗುಲಾಬಿಯ ಮೊಗ್ಗು, ಚಿಗುರುಗಳನ್ನು ಮುಳ್ಳಿನ ನಡುವಿನಿಂದಲೇ ಬಿಡಿಸಿ ತಿನ್ನುತ್ತದೆ. ‘ಮುಳ್ಳಿನ ಗಿಡ ನೆಡಿ, ಜಿಂಕೆ ಬರಲ್ಲ’ ಎಂಬ ಸಲಹೆಗೆ ಗುಲಾಬಿ ಬೆಳೆಸಿದವರು ನಗುತ್ತಾರೆ.

ಅದನ್ನು ತಡೆಯುವುದು ಮುಖ್ಯವಾಗಿ ಮೂರು. ಒಂದು, ಗಾಢವಾದ ವಾಸನೆ: ಲ್ಯಾವೆಂಡರ್, ರೋಸ್‌ಮೇರಿ, ಸೇಜ್, ಪುದೀನ, ದೊಡ್ಡಪತ್ರೆಯ ಹಾಗೆ ಘಾಟಿರುವ ಒರೆಗಾನೊ, ಈರುಳ್ಳಿ-ಬೆಳ್ಳುಳ್ಳಿ ಜಾತಿಯವು. ತುಳಸಿಯ ಬಳಗದ ಬೇಸಿಲ್ ಗಿಡವನ್ನೂ ಸಾಮಾನ್ಯವಾಗಿ ಬಿಡುತ್ತದೆ. ಎರಡು, ನಾಲಿಗೆಗೆ ಹಿತವಲ್ಲದ ಎಲೆ: ಉಣ್ಣೆಯಂಥ ರೋಮವಿರುವ ಲ್ಯಾಂಬ್ಸ್ ಇಯರ್, ಒರಟು ಹುಲ್ಲುಗಳು, ಹೆಚ್ಚಿನ ಜರೀಗಿಡಗಳು. ಮೂರನೆಯದು ವಿಷ. ಪಟ್ಟಿಗಳ ಮೇಲ್ಭಾಗದಲ್ಲಿ ಕೂತಿರುವ ಹಲವು ಹೆಸರುಗಳು ಈ ಮೂರನೆಯ ಗುಂಪಿನವು.

ಯಾರೂ ಫಾರ್ವರ್ಡ್ ಮಾಡದ ಭಾಗ

ಡ್ಯಾಫೋಡಿಲ್‌ನಿಂದ ಶುರು ಮಾಡೋಣ. ವಸಂತದಲ್ಲಿ ಹಳದಿ ಹೂ ಬಿಡುವ ಈ ಗಿಡ ನೆಲದಡಿಯ ಗೆಡ್ಡೆಯಿಂದ ಬೆಳೆಯುತ್ತದೆ. ಗೆಡ್ಡೆ ನೋಡಲು ಥೇಟ್ ಈರುಳ್ಳಿ. ಎಲೆ ಈರುಳ್ಳಿ ಹೂವಿನ ಸೊಪ್ಪಿನ ಹಾಗೆ ಉದ್ದ, ಹಸಿರು. ಇದರಲ್ಲಿ ಲೈಕೊರಿನ್ ಎಂಬ ವಿಷವೂ ಬಾಯಿ-ಗಂಟಲು ಸುಡುವ ಸೂಕ್ಷ್ಮ ಹರಳುಗಳೂ ಇವೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. 2009ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಶಾಲೆಯೊಂದರಲ್ಲಿ ಮಕ್ಕಳು ಅಡುಗೆ ತರಗತಿಯಲ್ಲಿ ಮಾಡಿದ ಸೂಪಿಗೆ ಈರುಳ್ಳಿಯ ಜೊತೆ ಡ್ಯಾಫೋಡಿಲ್ ಗೆಡ್ಡೆ ಸೇರಿ ಹಲವರು ಅಸ್ವಸ್ಥರಾದರು. ಅಂದರೆ ಬೇಯಿಸಿದರೂ ವಿಷ ಹೋಗುತ್ತದೆಂದು ನಂಬುವಂತಿಲ್ಲ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಲ್ಲಿಯ ಸೂಪರ್ ಮಾರ್ಕೆಟ್‌ಗಳಿಗೆ ಪತ್ರ ಬರೆದು, ಡ್ಯಾಫೋಡಿಲ್‌ಗಳನ್ನು ತರಕಾರಿಯ ಪಕ್ಕ ಇಡಬೇಡಿ ಎಂದು ಕೇಳಿಕೊಂಡಿತು. ಕೆಲವರು ಅದನ್ನು ಅಡುಗೆಯ ಸೊಪ್ಪೆಂದು ಭಾವಿಸಿ ತಿಂದು ಆಸ್ಪತ್ರೆ ಸೇರಿದ್ದರು.

ಈಗ ಊರಿನಿಂದ ಹೊಸದಾಗಿ ಬಂದ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಈ ಗಿಡವನ್ನು ಅವರು ಎಂದೂ ಕಂಡಿಲ್ಲ. ಹಿತ್ತಲಲ್ಲಿ ಬೆಳೆದ ಸೊಪ್ಪನ್ನು ಪಲ್ಯಕ್ಕೆ ಕೊಯ್ಯುವುದು ಅವರಿಗೆ ಜೀವನದ ರೂಢಿ. ಜಿಂಕೆ ಕಾಟ ತಪ್ಪಲೆಂದು ತರಕಾರಿ ಮಡಿಯ ಸುತ್ತಲೇ ಡ್ಯಾಫೋಡಿಲ್ ಹಚ್ಚಿದ್ದರೆ ತಪ್ಪು ನಡೆಯಲು ಒಂದು ನಿಮಿಷ ಸಾಕು. ಪರೀಕ್ಷೆ ಸುಲಭ: ಎಲೆ ಚಿವುಟಿ ಮೂಸಿದರೆ ಈರುಳ್ಳಿ ಜಾತಿಯದು ಈರುಳ್ಳಿಯ ವಾಸನೆಯನ್ನೇ ಕೊಡುತ್ತದೆ, ಡ್ಯಾಫೋಡಿಲ್ ಕೊಡುವುದಿಲ್ಲ. ಅದಕ್ಕಿಂತ ಒಳ್ಳೆಯದು ಇದನ್ನು ತರಕಾರಿಯ ಹತ್ತಿರ ನೆಡದಿರುವುದು.

ಫಾಕ್ಸ್‌ಗ್ಲವ್ ಇನ್ನೂ ಗಂಭೀರ. ಗಂಟೆಯಾಕಾರದ ಹೂಗಳ ಈ ಚೆಂದದ ಗಿಡದಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳಿವೆ. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯರು ಇದರ ಔಷಧೀಯ ಬಳಕೆಯ ಬಗ್ಗೆ ಪುಸ್ತಕ ಬರೆದರು. ಇಂದು ಕೆಲವು ಹೃದ್ರೋಗಿಗಳು ನುಂಗುವ ಡಿಗಾಕ್ಸಿನ್ ಮಾತ್ರೆ ಇದೇ ಜಾತಿಯ ಗಿಡದಿಂದ ಬಂದದ್ದು. ಮಾತ್ರೆಯಲ್ಲಿ ಅದು ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ. ಎಲೆಯಲ್ಲಿ ಎಷ್ಟಿದೆಯೆಂದು ಯಾರೂ ಅಳೆದು ಕೊಟ್ಟಿರುವುದಿಲ್ಲ. ಹೂ ಬಿಡುವ ಮುಂಚೆ ಇದರ ಎಲೆ ಕಾಮ್‌ಫ್ರಿ ಎಂಬ ಗಿಡದ ಎಲೆಯನ್ನು ಹೋಲುವುದರಿಂದ, ತಪ್ಪಾಗಿ ಕಷಾಯ ಮಾಡಿ ಕುಡಿದು ವಿಷವೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಬೆಚ್ಚಗಿನ ರಾಜ್ಯಗಳ ಪಟ್ಟಿಯಲ್ಲಿ ಓಲಿಯಾಂಡರ್ ಎಂಬ ಹೆಸರು ಕಾಣುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಕಣಗಿಲೆ. ನಮ್ಮ ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಅದು ಹಾಯಾಗಿ ಬೆಳೆದು ನಿಂತಿರುವುದಕ್ಕೂ ಇದೇ ಕಾರಣ: ದನ-ಮೇಕೆ ಬಾಯಿ ಹಾಕುವುದಿಲ್ಲ. ಎಲೆ, ಹೂ, ಕಾಂಡ ಎಲ್ಲವೂ ಹೃದಯಕ್ಕೆ ವಿಷ. 2024ರ ಮೇನಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ ಮತ್ತು ಪ್ರಸಾದದಲ್ಲಿ ಈ ಹೂ ಬಳಸಬಾರದೆಂದು ನಿರ್ಧರಿಸಿತು. (ಮಲಯಾಳಂನಲ್ಲಿ ಇದಕ್ಕೆ ಅರಳಿ ಎನ್ನುತ್ತಾರೆ. ಆ ಸುದ್ದಿಯನ್ನು ಓದಿ ಅರಳಿಮರ ವಿಷವೆಂದು ಹಂಚಬೇಡಿ.)

ತದ್ವಿರುದ್ಧ ನಂಬಿಕೆಯೂ ಇದೆ: ‘ಪ್ರಾಣಿ ತಿಂದರೆ ಮನುಷ್ಯರಿಗೂ ಸುರಕ್ಷಿತ.’ ಇದೂ ತಪ್ಪು. ಯೂ ಎಂಬ ಪೊದೆಯನ್ನು ಅಮೆರಿಕದಲ್ಲಿ ಬೇಲಿಯಾಗಿ ಬೆಳೆಸುತ್ತಾರೆ. ಕುದುರೆ, ದನ, ಮನುಷ್ಯ ಮೂವರಿಗೂ ಅದು ಪ್ರಾಣಾಂತಿಕ. ಆದರೆ ಬಿಳಿಬಾಲದ ಜಿಂಕೆ ಚಳಿಗಾಲದಲ್ಲಿ ಅದನ್ನೇ ಬೋಳಿಸುತ್ತದೆ. ರಟ್ಗರ್ಸ್ ಪಟ್ಟಿಯಲ್ಲಿ ಅದು ಹೋಸ್ಟಾದ ಜೊತೆ ಕೊನೆಯ ದರ್ಜೆಯಲ್ಲಿದೆ. ಮೈಗೆ ತಗುಲಿದರೆ ಬೊಕ್ಕೆ ಏಳಿಸುವ ಪಾಯ್ಸನ್ ಐವಿಯನ್ನೂ ಜಿಂಕೆ ತಿನ್ನುತ್ತದೆ. ಜಿಂಕೆಯ ಬಾಯಿ ನಮ್ಮ ಅಡುಗೆಮನೆಗೆ ಅಳತೆಗೋಲಲ್ಲ.

ಮಗು ಯಾವುದಾದರೂ ಗಿಡ ಬಾಯಿಗೆ ಹಾಕಿಕೊಂಡಿದ್ದರೆ ಉಳಿದದ್ದನ್ನು ಬಾಯಿಂದ ತೆಗೆದು ತೊಳೆಯಿರಿ, ವಾಂತಿ ಮಾಡಿಸಲು ಹೋಗಬೇಡಿ, ಗಿಡದ ಫೋಟೋ ತೆಗೆದುಕೊಳ್ಳಿ. ಅಮೆರಿಕದಲ್ಲಿ ವಿಷ ನಿಯಂತ್ರಣ ಕೇಂದ್ರದ ಉಚಿತ ದೂರವಾಣಿ 1-800-222-1222 ಹಗಲು ರಾತ್ರಿ ತೆರೆದಿರುತ್ತದೆ. ಮಗು ಮಂಪರಾಗಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ನೇರ 911.

ಅವರೆಕಾಯಿಯ ಕಥೆ

ನಮ್ಮವರ ಹಿತ್ತಲಿಗೇ ಯಾಕೆ ಇಷ್ಟು ಕಾಟ ಎಂದು ಕೇಳುವವರಿಗೆ ಒಂದು ಸ್ವಾರಸ್ಯದ ಉತ್ತರವಿದೆ. ಅಮೆರಿಕದಲ್ಲಿ ಬೇಟೆಗಾರರು ಜಿಂಕೆಗಳನ್ನು ಸೆಳೆದು ಕೊಬ್ಬಿಸಲೆಂದೇ ಹೊಲಗಳಲ್ಲಿ ಮೇವು ಬಿತ್ತುತ್ತಾರೆ. ಅದಕ್ಕೆ ಮಾರಾಟವಾಗುವ ಬೀಜಗಳಲ್ಲಿ ಮುಖ್ಯವಾದದ್ದು ಲ್ಯಾಬ್‌ಲ್ಯಾಬ್. ಅಂದರೆ ಸಾಕ್ಷಾತ್ ನಮ್ಮ ಅವರೆ! ಅಲಸಂದೆಯನ್ನೂ ಇದೇ ಕೆಲಸಕ್ಕೆ ಬಿತ್ತುತ್ತಾರೆ. ದುಡ್ಡು ಕೊಟ್ಟು ಜಿಂಕೆಗೆ ಹಾಕುವ ಊಟವನ್ನು ನಾವು ಸಾರಿಗೆಂದು ಹಿತ್ತಲಲ್ಲಿ ಹಬ್ಬಿಸುತ್ತೇವೆ. ಹುರುಳಿಕಾಯಿ, ಬಟಾಣಿ, ಬೀಟ್‌ರೂಟ್ ಸೊಪ್ಪು, ಗೆಣಸಿನ ಬಳ್ಳಿಯ ಗತಿಯೂ ಇದೇ. ಟೊಮೆಟೊ ಎಲೆಗೆ ಘಾಟಿದ್ದರೂ ಗಿಡ ಪೂರ್ತಿ ಬಚಾವಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಪುದೀನ ಹೆಚ್ಚಾಗಿ ಉಳಿಯುತ್ತವೆ.

ಹಾಗಾಗಿ ಅವರೆ ಬೇಕೆಂದರೆ ಗಿಡದ ಆಯ್ಕೆಯಿಂದ ಉಪಯೋಗವಿಲ್ಲ, ಬೇಲಿಯೇ ಬೇಕು. ಬಿಳಿಬಾಲದ ಜಿಂಕೆ ಆರಡಿ ಬೇಲಿಯನ್ನು ಸಲೀಸಾಗಿ ಹಾರುತ್ತದೆ. ಸಾಮಾನ್ಯವಾಗಿ ಶಿಫಾರಸು ಮಾಡುವ ಎತ್ತರ 8 ಅಡಿ. ಇಡೀ ಹಿತ್ತಲಿಗೆ ಅಷ್ಟು ಖರ್ಚು ಮಾಡಲಾಗದಿದ್ದರೆ ಚಿಕ್ಕ ಮಡಿಗೆ ಮಾತ್ರ ಗಿಡ್ಡ ಬೇಲಿ ಕಟ್ಟಿ. ಇಳಿಯಲು ಜಾಗವಿಲ್ಲದ ಇಕ್ಕಟ್ಟಿನೊಳಕ್ಕೆ ಜಿಂಕೆ ಹಾರಲು ಹಿಂಜರಿಯುತ್ತದೆ. ಮೇಲೆ ಬಲೆ ಹೊದಿಸಿದರೆ ಇನ್ನೂ ಭದ್ರ.

ಚೆಂಡುಹೂ, ಸೋಪು, ಕೂದಲು

‘ಸುತ್ತ ಚೆಂಡುಹೂ ಹಾಕಿ’ ಎಂಬುದು ಜನಪ್ರಿಯ ಸಲಹೆ. ಅದರ ಘಾಟಿನಿಂದ ಆ ಗಿಡ ಉಳಿಯಬಹುದು, ಪಕ್ಕದ ಹುರುಳಿಕಾಯಿಗೆ ಅದು ಕಾವಲಲ್ಲ. ಲ್ಯಾವೆಂಡರ್ ಸಾಲೂ ಅಷ್ಟೇ. ಜಿಂಕೆ ಅದನ್ನು ದಾಟಿ ಒಳಗಿನದನ್ನು ತಿನ್ನುತ್ತದೆ. ಸೋಪಿನ ತುಂಡು ನೇತು ಹಾಕಿದರೆ ಸುತ್ತ ಒಂದು ಗಜದ ಮಟ್ಟಿಗೆ ಕೆಲವು ದಿನ ಪರಿಣಾಮ ಕಂಡೀತು. ತಲೆಕೂದಲನ್ನು ನೆಚ್ಚಬೇಡಿ. ಸಿಂಪಡಿಸುವ ದ್ರಾವಣಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯವು ಹೋಲಿಕೆಯಲ್ಲಿ ಉತ್ತಮ ಎಂದು ಪ್ರಯೋಗಗಳಲ್ಲಿ ಕಂಡಿದೆ, ಆದರೆ ಮಳೆ ಬಂದಾಗಲೂ ಹೊಸ ಚಿಗುರು ಬಂದಾಗಲೂ ಮತ್ತೆ ಹೊಡೆಯಬೇಕು. ತಿನ್ನುವ ಸೊಪ್ಪಿಗೆ ಹೊಡೆಯುವ ಮುನ್ನ ಡಬ್ಬಿಯ ಮೇಲಿನ ಸೂಚನೆ ಓದಿ. ಹಲವನ್ನು ಅಲಂಕಾರಿಕ ಗಿಡಗಳಿಗೆ ಮಾತ್ರ ಬಳಸಬಹುದು.

ಜಿಂಕೆ ಬಿಟ್ಟ ಗಿಡ ಕಾಡು ತುಂಬಿದಾಗ

ಜಪಾನೀ ಬಾರ್ಬೆರಿ ಎಂಬ ಮುಳ್ಳುಪೊದೆ ರಟ್ಗರ್ಸ್ ಪಟ್ಟಿಯ ಮೊದಲ ದರ್ಜೆಯದು. ಇದನ್ನು ದಶಕಗಳ ಕಾಲ ಮನೆಮನೆಗೂ ನೆಟ್ಟರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಕಾಡಿನಲ್ಲಿ ಜಿಂಕೆಗಳು ಸ್ಥಳೀಯ ಗಿಡಗಳನ್ನು ತಿಂದು ಇದನ್ನು ಬಿಟ್ಟವು, ಇದೇ ಹಬ್ಬಿತು. ಕನೆಕ್ಟಿಕಟ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ದಟ್ಟ ಬಾರ್ಬೆರಿ ಪೊದೆಯೊಳಗಿನ ತೇವದಲ್ಲಿ ಉಣ್ಣೆಗಳು ಹೆಚ್ಚಾಗಿ ಬದುಕುವುದು ಕಂಡಿತು. ಇವೇ ಲೈಮ್ ಕಾಯಿಲೆ ಹರಡುವ ಉಣ್ಣೆಗಳು. (ಜಿಂಕೆಯಿಂದ ಲೈಮ್ ನೇರವಾಗಿ ಬರುವುದಿಲ್ಲ. ಉಣ್ಣೆಗೆ ರೋಗಾಣು ಅಂಟುವುದು ಹೆಚ್ಚಾಗಿ ಇಲಿಗಳಿಂದ. ಬೆಳೆದ ಉಣ್ಣೆಗೆ ರಕ್ತ ಒದಗಿಸುವುದು ಜಿಂಕೆ.) ನ್ಯೂಯಾರ್ಕ್ ರಾಜ್ಯ 2015ರಲ್ಲಿ ಬಾರ್ಬೆರಿ ಮಾರಾಟವನ್ನು ನಿಷೇಧಿಸಿತು, ಪೆನ್ಸಿಲ್ವೇನಿಯಾ 2021ರಲ್ಲಿ ಅದನ್ನು ನಿಷೇಧಿತ ಕಳೆಗಳ ಪಟ್ಟಿಗೆ ಸೇರಿಸಿತು. ಹಳೆಯ ಪಟ್ಟಿಗಳನ್ನು ಹಂಚುವವರ ಮೊಬೈಲಿನಲ್ಲಿ ಅದಿನ್ನೂ ಒಳ್ಳೆಯ ಗಿಡವೇ.

ಕರ್ನಾಟಕದವರಿಗೆ ಈ ಕಥೆ ಹೊಸದಲ್ಲ. ಅಮೆರಿಕದ ನರ್ಸರಿಗಳಲ್ಲಿ ‘ಜಿಂಕೆ ತಿನ್ನದ ಗಿಡ’ವೆಂದು ಮಾರುವ ಲಂಟಾನ ನಮ್ಮಲ್ಲಿಗೂ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದೇ ಬಂದದ್ದು. ಅದರ ಎಲೆ ದನಗಳ ಪಿತ್ತಜನಕಾಂಗಕ್ಕೆ ವಿಷ. ಮೇಯುವವು ಬಿಟ್ಟವು, ಹಕ್ಕಿಗಳು ಹರಡಿದವು. ಇಂದು ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಅದು ಹುಲ್ಲು ಬೆಳೆಯುವ ಜಾಗವನ್ನು ಆಕ್ರಮಿಸಿ, ಜಿಂಕೆಯ ಮೇವನ್ನೇ ಕಿತ್ತುಕೊಂಡಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ-ಬುಟ್ಟಿ ಮಾಡಿ ಒಂದಿಷ್ಟು ಬಳಕೆಗೆ ತಂದಿದ್ದಾರೆ.

ಅಮೆರಿಕದ ಪಟ್ಟಿಯನ್ನು ಇಲ್ಲಿಗೆ ತಂದು ಬಳಸಬಹುದೇ ಎಂದರೆ, ಹಾಗೇ ಬಳಸಲಾಗದು. ನಮ್ಮ ಚುಕ್ಕೆ ಜಿಂಕೆಗೆ ಹುಲ್ಲೇ ಮುಖ್ಯ ಆಹಾರ, ಕಡವೆಯ ಮೇವು ಬೇರೆ. ಹಾವೇರಿ, ಗದಗ ಕಡೆ ರೈತರು ‘ಚಿಗರಿ’ ಎನ್ನುವ ಕೃಷ್ಣಮೃಗ ಜಿಂಕೆಯ ಜಾತಿಯೇ ಅಲ್ಲ. ಜಿಂಕೆಯ ಕೊಂಬು ಪ್ರತಿವರ್ಷ ಉದುರುತ್ತದೆ, ಅದರದು ಉದುರುವುದಿಲ್ಲ. ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಬೇಲಿಗೆ ನೇರ ಕರೆಂಟು ಹರಿಸುವುದು ಅಪರಾಧ, ರಾತ್ರಿ ಹೊಲಕ್ಕೆ ಹೋದ ಮನೆಯವರ ಜೀವವೂ ಹೋಗುತ್ತದೆ.

ನರ್ಸರಿಯಲ್ಲಿ ಕೇಳಬೇಕಾದ್ದು

ಗಿಡ ಕೊಳ್ಳುವಾಗ ‘ಜಿಂಕೆ ತಿನ್ನುತ್ತಾ?’ ಎಂಬುದರ ಜೊತೆಗೆ ‘ಯಾಕೆ ತಿನ್ನಲ್ಲ?’ ಎಂದೂ ಕೇಳಿ. ವಾಸನೆಯೋ ರೋಮವೋ ಕಾರಣವಾಗಿದ್ದರೆ ಮನೆಯ ಹತ್ತಿರ ನೆಡಬಹುದು. ವಿಷ ಕಾರಣವಾಗಿದ್ದರೆ, ಅಂಬೆಗಾಲಿಡುವ ಮಗುವೋ ನಾಯಿಯೋ ಇರುವ ಮನೆಗೆ ತರದಿರುವುದೇ ವಾಸಿ. ನೆಟ್ಟೇ ನೆಡುವುದಾದರೆ ಹಿತ್ತಲಿನ ದೂರದ ಮೂಲೆಯಲ್ಲಿ ಹೆಸರಿನ ಪಟ್ಟಿ ಚುಚ್ಚಿ ನೆಡಿ, ಮನೆಗೆ ಬಂದ ಹಿರಿಯರಿಗೆ ಮೊದಲ ದಿನವೇ ಕರೆದೊಯ್ದು ತೋರಿಸಿ. ನಿಮ್ಮ ರಾಜ್ಯದಲ್ಲಿ ಅದು ನಿಷೇಧಿತ ಗಿಡವೇ ಎಂಬುದನ್ನೂ ನೋಡಿಕೊಳ್ಳಿ. ಹೊಸದು ಯಾವುದೇ ಇರಲಿ, ಮೊದಲು ಎರಡು-ಮೂರು ಗಿಡ ನೆಟ್ಟು ಒಂದು ಚಳಿಗಾಲ ಕಳೆಯಲಿ. ನಿಮ್ಮ ಬೀದಿಯ ಜಿಂಕೆಗೆ ಅದು ರುಚಿಸುತ್ತದೆಯೋ ಇಲ್ಲವೋ ಎಂಬುದು ಮಾರ್ಚ್ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ.